ಸ್ತ್ರೀರತ್ನವೆಂಬ ಮಾತು

ಪುಣೆಯಿಂದ ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಸಾಗಿದರೆ ದೌಂಡ್ ತಾಲೂಕಿನ ಕುರಕುಂಭ ಗ್ರಾಮವು ಎದುರಾಗುತ್ತದೆ. ವಿಜಯಪುರ, ಕಲಬುರಗಿಗಳ ಕಡೆಗೆ ಹೊರಟ ಪುಣೆಯ ಕನ್ನಡಿಗರಿಗೆ ಇದು ದಾರಿಯ ಊರು. ರಾಸಾಯನಿಕ ಕಾರಖಾನೆಗಳ ಊರೆಂದೇ ಅನೇಕರು ಇದನ್ನು ಬಲ್ಲರು. ಆದರೆ ಇಲ್ಲಿಯ ಹಳೆಯ ಗುರುತು ಫಿರಂಗಾಯಿ ದೇವಿಯ ಸನ್ನಿಧಿ. ತುಕಾಯಿ, ಯಮಾಯಿ, ಫಿರಂಗಾಯಿ ಎಂದು ಈ ಸೀಮೆಯ ದೇವಿಯರ ಹೆಸರಿನ ಕೊನೆಯಲ್ಲಿ ನಿಂತಿರುವ ‘ಆಯಿ’ ಎಂದರೆ ತಾಯಿ. (ಬೆಳಗಾವಿ, ಧಾರವಾಡಗಳ ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಕರೆಯುವ ಮಾತೂ ಅದೇ.) ನವರಾತ್ರಿಯಲ್ಲಿ ಹೆಂಗಸರು ಖಣ, ತೆಂಗಿನಕಾಯಿ, ಅಕ್ಕಿಗಳಿಂದ ದೇವಿಯ ಉಡಿ ತುಂಬುತ್ತಾರೆ. ಗಂಡಸರು ಕೈಮುಗಿದು, ಕಣ್ತುಂಬ ನೋಡಿ ಹೊರಗೆ ಬರುತ್ತಾರೆ. ಗರ್ಭಗುಡಿಯ ಮುಂದೆ ತಗ್ಗಿದ ಅದೇ ಕಣ್ಣು, ಬಸ್ಸಿಗಾಗಿ ಕಾದು ನಿಂತ ಹೆಣ್ಣುಮಗಳನ್ನು ಅಡಿಯಿಂದ ಮುಡಿಯವರೆಗೆ ಅಳೆಯುವುದು ಹೇಗೆ ಸಾಧ್ಯವಾಗುತ್ತದೆ?

ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಈ ಒಂಬತ್ತು ದಿನಗಳಲ್ಲಿ ಪಾರಾಯಣವಾಗುವ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿಯೇ ಅದು ಇರುತ್ತದೆ. ಮಾರ್ಕಂಡೇಯ ಪುರಾಣದ ಅಂಗವಾದ ಈ ಗ್ರಂಥವನ್ನು ಚಿದಾನಂದಾವಧೂತರು ಕನ್ನಡ ಷಟ್ಪದಿಗೆ ತಂದುದರಿಂದ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಈ ಕಥೆ ಪರಿಚಿತ. ಹಿಮವತ್ಪರ್ವತದಲ್ಲಿದ್ದ ಅಂಬಿಕೆಯನ್ನು ಶುಂಭಾಸುರನ ಸೇವಕರಾದ ಚಂಡ ಮುಂಡರು ಕಾಣುತ್ತಾರೆ. ಓಡಿಬಂದು ಒಡೆಯನಿಗೆ ಅರಿಕೆ ಮಾಡುವ ರೀತಿಯನ್ನು ಲಕ್ಷ್ಯವಿಟ್ಟು ಕೇಳಬೇಕು. ಇಂದ್ರನ ಐರಾವತ ನಿನ್ನ ವಶದಲ್ಲಿದೆ, ಪಾರಿಜಾತ ವೃಕ್ಷವಿದೆ, ಉಚ್ಚೈಃಶ್ರವಸ್ಸಿದೆ. ಬ್ರಹ್ಮನ ಹಂಸವಿಮಾನ, ಕುಬೇರನ ನಿಧಿ, ಸಮುದ್ರರಾಜನು ಕೊಟ್ಟ ಬಾಡದ ಕಮಲಮಾಲೆ, ವರುಣನ ಹೊನ್ನು ಸುರಿಸುವ ಛತ್ರ ಎಲ್ಲವೂ ಇವೆ. ಹೀಗಿರುವಾಗ ಈ ಸ್ತ್ರೀರತ್ನವೊಂದನ್ನು ಏಕೆ ಬಿಟ್ಟಿದ್ದೀಯೆ ಎಂಬುದು ಅವರ ಪ್ರಶ್ನೆ.

ಶುಂಭನು ಆಕೆಯನ್ನು ಆಗಿನ್ನೂ ಕಂಡಿರಲಿಲ್ಲ. ಆದ್ದರಿಂದ ಅವನ ಆಸೆಯನ್ನು ಬರಿಯ ಕಾಮವೆಂದು ಕರೆದರೆ ಸಾಲದು. ಆನೆ, ಕುದುರೆ, ಮರ, ಮಾಲೆಗಳ ಪಟ್ಟಿಯಲ್ಲಿ ಒಂದು ಸ್ಥಾನ ಖಾಲಿ ಉಳಿದಿದೆಯೆಂಬ ತಳಮಳ ಅದು. ಹೆಣ್ಣನ್ನು ವಸ್ತುವಾಗಿಸುವ ಮನಸ್ಸು ಹುಟ್ಟುವುದು ಇಂಥ ಲೆಕ್ಕದ ಪುಸ್ತಕದಲ್ಲಿ. ಅಮೆರಿಕದ ತತ್ತ್ವಜ್ಞೆ ಮಾರ್ಥಾ ನುಸ್‌ಬಾಮ್ ಅವರು 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮನುಷ್ಯರನ್ನು ವಸ್ತುವೆಂದು ಕಾಣುವುದರ ಏಳು ಲಕ್ಷಣಗಳನ್ನು ಎಣಿಸಿದ್ದಾರೆ. ಸ್ವತ್ತೆಂದು ತಿಳಿಯುವುದು, ಒಂದರ ಬದಲಿಗೆ ಇನ್ನೊಂದು ನಡೆಯುತ್ತದೆಂದು ಭಾವಿಸುವುದು, ಆಕೆಯ ಇಚ್ಛೆಯನ್ನೂ ಅನುಭವವನ್ನೂ ಗಣನೆಗೆ ತಾರದಿರುವುದು ಅವುಗಳಲ್ಲಿ ಸೇರಿವೆ. ಚಂಡ ಮುಂಡರ ಬಿನ್ನಹದಲ್ಲಿ ಈ ಲಕ್ಷಣಗಳು ಆಗಲೇ ಕಾಣಿಸಿಕೊಂಡಿವೆ. ‘ರತ್ನ’ ಎಂಬುದು ಹೊಗಳಿಕೆಯ ಮಾತೇ ಸರಿ. ಆದರೆ ರತ್ನವನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ.

ಅಸುರರನ್ನು ದೂರಿ ಸುಮ್ಮನಾಗುವುದು ಸುಲಭ. ‘ಹೆಣ್ಣು ನೋಡುವ’ ಶಾಸ್ತ್ರವೆಂಬ ಮಾತನ್ನು ಕನ್ನಡಿಗರು ಸಂಕೋಚವಿಲ್ಲದೆ ಬಳಸುತ್ತ ಬಂದಿದ್ದಾರೆ. ತಟ್ಟೆ ಹಿಡಿದು ಬಂದವಳ ಬಣ್ಣ, ಎತ್ತರ, ನಡಿಗೆ, ಕಂಠ ಎಲ್ಲವನ್ನೂ ಪರೀಕ್ಷಿಸಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಎದ್ದು ಹೋದವರೆಲ್ಲರೂ ಸಜ್ಜನರೇ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಬಂದಿತು. ಚಿನ್ನ, ಸ್ಕೂಟರ್, ನಿವೇಶನಗಳ ಪಟ್ಟಿ ಮಾತ್ರ ಚಂಡ ಮುಂಡರ ಪಟ್ಟಿಯಂತೆ ಬೆಳೆಯುತ್ತಲೇ ಹೋಯಿತು. ಹೀಗೆ ಪದೇ ಪದೇ ಅಳೆಸಿಕೊಂಡ ಹುಡುಗಿ ಕ್ರಮೇಣ ತನ್ನನ್ನು ತಾನೇ ಅನ್ಯರ ಕಣ್ಣಿನಿಂದ ಅಳೆಯಲು ಕಲಿಯುತ್ತಾಳೆ. ಫ್ರೆಡ್ರಿಕ್‌ಸನ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1997ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿ, ಅದರಿಂದ ನಾಚಿಕೆ, ಕಳವಳ, ಖಿನ್ನತೆಗಳು ಹೆಚ್ಚುತ್ತವೆಂದು ವಾದಿಸಿದರು. (ದೇವಿಯ ಚಿತ್ರವನ್ನು ಮುಖಪುಟದಲ್ಲಿ ಹೊತ್ತ ಸ್ಮರಣಸಂಚಿಕೆಗಳ ಜಾಹೀರಾತು ಪುಟಗಳಲ್ಲಿ ಹೆಣ್ಣಿನ ಚಿತ್ರವು ಯಾವ ಯಾವ ಸರಕಿನ ಪಕ್ಕದಲ್ಲಿ ನಿಂತಿರುತ್ತದೆಂಬುದನ್ನೂ ಸಂಪಾದಕರು ಒಮ್ಮೆ ನೋಡಬಹುದು.)

ಕಥೆಯ ಮುಂದಿನ ಭಾಗ ಇನ್ನೂ ಕಠೋರವಾಗಿದೆ. ಶುಂಭನ ದೂತ ಸುಗ್ರೀವನು ಬಂದು ಸವಿಮಾತುಗಳನ್ನಾಡುತ್ತಾನೆ. ಯುದ್ಧದಲ್ಲಿ ತನ್ನನ್ನು ಗೆದ್ದವನೇ ತನಗೆ ಪತಿಯೆಂದು ಹಿಂದೆ ಪ್ರತಿಜ್ಞೆ ಮಾಡಿಬಿಟ್ಟಿರುವೆನೆಂದು ದೇವಿಯು ನಗುತ್ತ ಉತ್ತರಿಸುತ್ತಾಳೆ. ಒಡನೆಯೇ ಮಾತಿನ ಧಾಟಿ ಬದಲಾಗುತ್ತದೆ. ಗೌರವದಿಂದ ಬಾರದಿದ್ದರೆ ಮುಡಿ ಹಿಡಿದು ಎಳೆದೊಯ್ಯುವರೆಂದು ಅದೇ ದೂತನು ಬೆದರಿಸುತ್ತಾನೆ. ಶುಂಭನು ಧೂಮ್ರಲೋಚನನನ್ನು ಕಳುಹಿಸುವಾಗ ಆಕೆಯನ್ನು ‘ದುಷ್ಟೆ’ಯೆಂದು ಕರೆಯುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ರತ್ನವಾಗಿದ್ದವಳು ಒಂದು ‘ಒಲ್ಲೆ’ಗೆ ದುಷ್ಟೆಯಾದಳು. ವಸ್ತುವು ಮಾತನಾಡಿದಾಗ ಅದರ ಒಡೆಯನೆಂದು ಭ್ರಮಿಸಿದವನಿಗೆ ಆಗುವ ಅವಮಾನ ಇಂಥದು. ಪ್ರೇಮವನ್ನು ನಿರಾಕರಿಸಿದ ತಪ್ಪಿಗಾಗಿ ಹೆಣ್ಣುಮಕ್ಕಳ ಮುಖಕ್ಕೆ ಆಸಿಡ್ ಎರಚಿದವರ ಮನಸ್ಸು ಇದೇ ದಾರಿಯಲ್ಲಿ ನಡೆದಿತ್ತು. ಆ ಕೃತ್ಯಕ್ಕೆ ಕನಿಷ್ಠ 10 ವರ್ಷಗಳ ಸೆರೆವಾಸ ವಿಧಿಸುವ ಪ್ರತ್ಯೇಕ ಕಲಮನ್ನು 2013ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿಸಬೇಕಾಯಿತು.

ಪರಸ್ತ್ರೀಯನ್ನು ಮಾತೆಯೆಂದು ಭಾವಿಸಿದರೆ ಸಾಕೆಂದು ಹಿರಿಯರು ಹೇಳುವರು. ಮಾತು ಉತ್ತಮವಾದುದು, ಆದರೆ ಪೂರ್ಣವಲ್ಲ. ಒಂಬತ್ತು ದಿನವೂ ಹೊತ್ತು ಮೂಡುವ ಮೊದಲೇ ಎದ್ದು ನೈವೇದ್ಯಕ್ಕೆ ಅಣಿಮಾಡುವ ತಾಯಿಯನ್ನು ನಿನಗೆ ದಣಿವಾಯಿತೇ ಎಂದು ಕೇಳದ ಮನೆಯಲ್ಲಿ ತಾಯಿಯೂ ಒಂದು ಪಾತ್ರೆಯೇ ಆಗಿರುತ್ತಾಳೆ. ಪೂಜಾವಿಧಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ಪ್ರತಿಷ್ಠೆಯ ಕಾಲದಲ್ಲಿ ಶಿಲ್ಪಕ್ಕೆ ನೇತ್ರೋನ್ಮೀಲನ ಮಾಡುತ್ತಾರೆ, ಅಂದರೆ ಕಣ್ಣು ತೆರೆಸುತ್ತಾರೆ. ಅಲ್ಲಿಂದ ಮುಂದೆ ದರ್ಶನವೆಂಬುದು ಒಮ್ಮುಖವಲ್ಲ, ದೇವಿಯೂ ನೋಡುತ್ತಾಳೆ. ಕುರಕುಂಭದ ಗರ್ಭಗುಡಿಯ ಮುಂದೆ ಭಕ್ತನ ಕಣ್ಣು ತಗ್ಗುವುದು ತನ್ನನ್ನು ನೋಡುವವಳೊಬ್ಬಳು ಎದುರಿಗಿದ್ದಾಳೆಂಬ ಅರಿವಿನಿಂದ. ಹೊರಗೆ ನಿಂತವಳಿಗೂ ಕಣ್ಣುಗಳಿವೆ, ಆಕೆಯೂ ಅವನನ್ನು ನೋಡಿ ತೂಗಿ ತಿಳಿಯಬಲ್ಲಳು ಎಂಬುದು ಮಾತ್ರ ಮರೆತುಹೋಗುತ್ತದೆ.

ಮುಂದೆ ಕಾಳಿಯು ಚಂಡ ಮುಂಡರ ಶಿರಸ್ಸುಗಳನ್ನು ತಂದೊಪ್ಪಿಸಿದಾಗ ದೇವಿಯು ಆಕೆಗೆ ಚಾಮುಂಡೆಯೆಂಬ ಹೆಸರನ್ನಿತ್ತಳು. ಮೈಸೂರಿನ ಬೆಟ್ಟದ ತಾಯಿಯನ್ನು ಸ್ಮರಿಸುವಾಗಲೆಲ್ಲ, ಮೊದಲು ನೋಡಿ ಬೆಲೆ ಕಟ್ಟಿದ ಆ ಇಬ್ಬರ ಹೆಸರುಗಳೂ ನಾಲಿಗೆಯ ಮೇಲೆ ಬರುತ್ತವೆ. ತಮ್ಮನಾದ ನಿಶುಂಭನೂ ಮಡಿದ ಮೇಲೆ ಶುಂಭನು ದೇವಿಯ ಎದುರಿಗೆ ನಿಂತು, ಅನ್ಯರ ಬಲವನ್ನು ನಂಬಿ ಗರ್ವಪಡುತ್ತೀಯೆಂದು ಜರೆಯುತ್ತಾನೆ. ತನ್ನ ಹೊರತು ಇಲ್ಲಿ ಎರಡನೆಯವರೇ ಇಲ್ಲವೆಂದು ಹೇಳಿ ಆಕೆಯು ಸಕಲ ಶಕ್ತಿಗಳನ್ನೂ ತನ್ನೊಳಗೆ ಸೆಳೆದುಕೊಂಡು ಒಬ್ಬಳೇ ನಿಲ್ಲುತ್ತಾಳೆ. ಅಷ್ಟು ಹತ್ತಿರದಿಂದ ಕಂಡ ಮೇಲೂ ಆಕೆಯ ಇಚ್ಛೆ ಏನೆಂದು ಶುಂಭನು ಕೇಳಲಿಲ್ಲ.