ಅಜ್ಜಿಯ ಸುಕ್ಕು

ಹಳ್ಳಿಮೈಸೂರಿನ ನಮ್ಮಜ್ಜಿಯ ಮುಖವನ್ನು ಪೇಸ್ಟಲ್‌ನಲ್ಲಿ ಬರೆಯುತ್ತಾ ಕೂತಿದ್ದೆ. ಪೇಸ್ಟಲ್ ಅಂದ್ರೆ ಚೂರೇ ಚೂರು ಅಂಟು ಹಾಕಿ ಕಡ್ಡಿ ಮಾಡಿದ ಬಣ್ಣದ ಪುಡಿ. ಬೆರಳಲ್ಲಿ ತೀಡಿದರೆ ಗೆರೆ ಮಾಯ. ತೀಡಿದೆ, ತೀಡಿದೆ. ಕೆನ್ನೆ ನುಣುಪಾಯ್ತು. ಅಮ್ಮ ನೋಡಿ, "ಚೆನ್ನಾಗೈತೆ ಕಣಪ್ಪ, ಯಾರಿವ್ರು?" ಅಂದ್ರು.

ಫ್ರಾನ್ಸಿನ ಪೇಸ್ಟಲ್ ಕಲಾವಿದ ಲಾ ಟೂರ್ (1704–1788) ಮುಗಿದ ಚಿತ್ರಗಳನ್ನೂ ಮತ್ತೆ ಮತ್ತೆ ತಿದ್ದಿ ಕೆಲವನ್ನು ಕೆಡಿಸಿಬಿಟ್ಟನಂತೆ. ಅವನದ್ದು ಪರಿಪೂರ್ಣತೆಯ ಹುಚ್ಚು. ನನ್ನದು ಪ್ರೀತಿ ಅಂದ್ಕೊಂಡಿದ್ದೆ. ನಿಜ ಹೇಳಬೇಕಂದ್ರೆ, ಅಜ್ಜಿಗೆ ವಯಸ್ಸಾಗಿದ್ದನ್ನ ನೋಡೋಕೆ ನನಗೇ ಆಗ್ತಿರಲಿಲ್ಲ. ಆ ಸುಕ್ಕುಗಳಲ್ಲಿ ರಾಗಿ ಹೊಲದ ಬಿಸಿಲಿದೆ, ಒಲೆಯ ಹೊಗೆಯಿದೆ. ಚೆಂದ ಕಾಣಿಸಲಿ ಅಂತ ಒಬ್ಬರು ಬದುಕಿದ್ದನ್ನೇ ಅಳಿಸೋ ಹಕ್ಕು ನಮಗಿದೆಯಾ?

ಕಡುಗಂದು ಕಡ್ಡಿ ಹಿಡಿದು ಹಣೆಯ ಗೆರೆಗಳನ್ನು ಮತ್ತೆ ಎಳೆದೆ. ಈ ಸಲ ಬೆರಳಾಡಿಸಲಿಲ್ಲ.