ಕಾಣೆಯಾದ ಫೋಟೋ, ಕಾಣಬಾರದ ಫೋಟೋ

ನಮ್ಮ ಕುರುಗೋಡಿನ ಗೆಳೆಯರ ಬಳಗಕ್ಕೊಂದು ವೆಬ್‌ಸೈಟ್ ಇದೆ. ಇಂಜಿನಿಯರಿಂಗ್ ಓದುವಾಗಿನ ಹುಮ್ಮಸ್ಸಿನಲ್ಲಿ ಮಾಡಿದ್ದು. ದೊಡ್ಡಬಸವೇಶ್ವರನ ತೇರು, ಬೆಟ್ಟದ ಮೇಲಿನ ಕೋಟೆ, ಊರ ಸುತ್ತಲಿನ ಹಳೇ ಗುಡಿಗಳು, ಸ್ಕೂಲ್ ಗ್ಯಾದರಿಂಗು, ಎಲ್ಲ ಅದರಲ್ಲಿವೆ. ಅದು ಓಡುತ್ತಿದ್ದದ್ದು ಡ್ರುಪಲ್ 7ರ ಮೇಲೆ. 2025ರ ಜನವರಿ 5ಕ್ಕೆ ಅದರ ಸಪೋರ್ಟ್ ಮುಗಿಯುತ್ತೆ ಅಂತ ವರ್ಷಗಟ್ಟಲೆ ಮೊದಲೇ ಗೊತ್ತಿತ್ತು. ಗೊತ್ತಿದ್ದ ಕೆಲಸವನ್ನೇ ಅಲ್ವಾ ನಾವು ಕೊನೇ ವಾರಕ್ಕೆ ಇಟ್ಟುಕೊಳ್ಳೋದು. ಡಿಸೆಂಬರ್‌ನ ಒಂದು ಶನಿವಾರ ಕೂತು ಹೊಸ ಆವೃತ್ತಿಗೆ ಏರಿಸಿದೆ. ಬರಹಗಳೆಲ್ಲ ಬಂದವು. ಫೋಟೋಗಳು ಅರ್ಧಕ್ಕರ್ಧ ನಾಪತ್ತೆ.

ವಿಚಿತ್ರ ಏನು ಅಂದ್ರೆ, 'ಬಳ್ಳಾರಿ' ಅಂತ ಹೆಸರಿದ್ದ ಫೋಟೋಗಳು ಬಂದಿದ್ದವು. 'ಸಿರುಗುಪ್ಪ' ಬಂದಿತ್ತು. 'ಕುರುಗೋಡು' ಅಂತ ಹೆಸರಿದ್ದದ್ದು ಒಂದೂ ಇಲ್ಲ. ಆದರೆ ಸರ್ವರ್‌ನ ಫೋಲ್ಡರ್ ತೆಗೆದು ನೋಡಿದರೆ ಎಲ್ಲವೂ ಅಲ್ಲೇ ಕೂತಿವೆ! ಡೇಟಾಬೇಸಿನಲ್ಲಿರುವ ಹೆಸರು, ಫೋಲ್ಡರಿನಲ್ಲಿರುವ ಹೆಸರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಣ್ಣಿಗೆ ಒಂದೇ.

ರಾತ್ರಿ ಎರಡಕ್ಕೆ ಹೊಳೀತು. ನಮ್ಮೂರ ಹೆಸರಿನಲ್ಲಿರುವ 'ಗೋ' ಇದೆಯಲ್ಲ, ಅದರ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು. ಎತ್ವ, ಕೊಂಬು, ದೀರ್ಘ ಅಂತ ಬಿಡಿಸಿ ಮೂರು ಸಂಕೇತವಾಗಿಯೂ ಬರೀಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಬ್ಯಾಕಪ್ ಒಂದು ಹಳೇ ಮ್ಯಾಕ್‌ಬುಕ್ ಮೂಲಕ ಹಾದು ಬಂದಿತ್ತು. ಆ ಹಳೇ ಮ್ಯಾಕ್‌ಗಳಿಗೆ ಫೈಲ್ ಹೆಸರಿನ ಇಂಥ ಅಕ್ಷರಗಳನ್ನು ಬಿಡಿಸಿ ಇಡುವ ಚಟ. ಲಿನಕ್ಸ್ ಸರ್ವರ್‌ಗೋ ಬೈಟಿಗೆ ಬೈಟು ಹೊಂದಬೇಕು. ಅದಕ್ಕೆ ಇವೆರಡೂ ಬೇರೆ ಬೇರೆ ಊರು. 'ಬಳ್ಳಾರಿ', 'ಸಿರುಗುಪ್ಪ'ಗಳಲ್ಲಿ ಬಿಡಿಸುವಂಥ ಚಿಹ್ನೆಯೇ ಇಲ್ಲ, ಬಚಾವಾದವು. ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಹೆಸರುಗಳನ್ನೆಲ್ಲ ಮತ್ತೆ ಕೂಡಿಸಿದೆ. ಕುರುಗೋಡು ವಾಪಸ್ ಬಂತು. ಅವತ್ತು ರಾತ್ರಿ ನನ್ನಷ್ಟು ಖುಷಿಯಾಗಿದ್ದವನು ಬೆಂಗಳೂರಲ್ಲಿ ಇನ್ನೊಬ್ಬ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಫೋಲ್ಡರಿನಲ್ಲಿ ಇನ್ನೂ ನಲವತ್ತು ಚಿಲ್ಲರೆ ಫೋಟೋಗಳಿದ್ದವು, ಯಾವ ಬರಹವೂ ಅವನ್ನು ಕೇಳುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಇವಕ್ಕೆ ಅನಾಥ ಫೈಲುಗಳು ಅಂತಾರೆ. ಹೆಸರು, ತಾರೀಖು ನೋಡಿ ಯಾವುದು ಯಾವ ಪುಟದ್ದು ಅಂತ ಊಹಿಸಿ ಜೋಡಿಸುವ ಇನ್ನೊಂದು ಸ್ಕ್ರಿಪ್ಟ್ ಬರೆದೆ. ಬೆಳಗಿನ ಜಾವಕ್ಕೆ ಲೆಕ್ಕ ನೂರಕ್ಕೆ ನೂರು.

ಸೋಮವಾರ ಮಧ್ಯಾಹ್ನ ಒಬ್ಬ ಗೆಳೆಯ ಫೋನ್ ಮಾಡಿದ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಸಿರುಗುಪ್ಪ ಕಡೆ ಹೊಳೆಸಾಲಿನ ಹಳ್ಳಿಯವನು.

"ಲೇ, ಆ ಫೋಟೋ ಮತ್ತೆ ಬಂದೈತೆ ನೋಡಲೇ."

"ಯಾವುದು?"

"ಅವ್ವಂದು."

2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿದಾಗ ಆ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ನಾವೊಂದಷ್ಟು ಹುಡುಗರು ಅಕ್ಕಿ, ಸೀರೆ, ಚಾದರ ಒಟ್ಟು ಮಾಡಿಕೊಂಡು ಹೋಗಿದ್ವಿ. ಹಂಚುವಾಗ ಫೋಟೋ ತೆಗೆದ್ವಿ. ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕಲ್ಲ, ಅಂತ. ಅದರಲ್ಲೊಂದು ಫೋಟೋದಲ್ಲಿ ಅವನ ತಾಯಿ ಎರಡೂ ಕೈ ಚಾಚಿ ಸೀರೆ ತಗೊಳ್ಳುತ್ತಿದ್ದಾರೆ. ಕೊಡುವವರು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಹಿಂದೆ ಚೀಲ ಹಿಡಿದು ನಿಂತವನು ನಾನು.

ಎಷ್ಟೋ ವರ್ಷದ ಮೇಲೆ ಯಾರೋ ಅದನ್ನು ವಾಟ್ಸಾಪಿನಲ್ಲಿ ಹಾಕಿದ್ದರು. ಅವ್ವ ನೋಡಿದ್ದಾರೆ. ಎರಡು ದಿನ ಯಾರ ಹತ್ತಿರಾನೂ ಮಾತಾಡಲಿಲ್ಲವಂತೆ. ಭತ್ತ ಬೆಳೆಯೋ ಮನೆ ಅದು, ಸುಗ್ಗಿಯಲ್ಲಿ ಬಂದವರಿಗೆ ಮೊರದಲ್ಲಿ ಹಾಕಿ ಕಳಿಸಿದ ಕೈ. "ನಮ್ಮ ಮನೆಯಾಗೆ ಇಸ್ಕೊಂಡು ಹೋದೋರು ಎಷ್ಟು ಮಂದಿ, ಅವರ ಫೋಟೋ ಯಾರು ತೆಗೆದಾರೆ?" ಅಂದರಂತೆ. ಆಗಲೇ ಗೆಳೆಯ ಹೇಳಿ ಅದನ್ನು ತೆಗೆಸಿದ್ದ. ತೆಗೆದವನು ಮಾಡಿದ್ದು ಇಷ್ಟೇ: ಬರಹದಿಂದ ಫೋಟೋದ ಕೊಂಡಿ ಅಳಿಸಿದ್ದ, ಫೈಲು ಅಲ್ಲೇ ಉಳಿದಿತ್ತು. ಅದೇ ನನ್ನ ಕೈಗೆ ಅನಾಥವಾಗಿ ಸಿಕ್ಕಿದ್ದು.

ಒಂದು ನಿಮಿಷದಲ್ಲಿ ತೆಗೆದೆ. ಸಾರಿ ಅಂದೆ. ಅವನೂ "ಇರ್ಲಿ ಬಿಡಲೇ" ಅಂದ. ಆದರೆ ತಲೆಯೊಳಗೆ ಕೂತಿದ್ದು ಹೋಗಲಿಲ್ಲ. ಕಳೆದುಹೋದದ್ದು, ಬೇಕಂತಲೇ ತೆಗೆದದ್ದು, ಇವೆರಡೂ ನನ್ನ ಸ್ಕ್ರಿಪ್ಟಿಗೆ ಒಂದೇ ಥರ ಕಂಡವು. ತಪ್ಪು ಸ್ಕ್ರಿಪ್ಟಿನದು ಅಂತ ಹೇಳಿ ಕೈ ತೊಳೆದುಕೊಳ್ಳೋಕಾಗಲ್ಲ. ಇದನ್ನು ಯಾರು, ಯಾಕೆ ಬಿಟ್ಟಿದ್ದಾರೆ ಅಂತ ಕೇಳಬೇಕು ಅಂತ ನನಗೇ ಹೊಳೀಲಿಲ್ಲ. ವಾಪಸ್ ತರೋದು ಯಾವಾಗಲೂ ಒಳ್ಳೇ ಕೆಲಸ ಅಂತ ನಂಬಿಕೊಂಡಿದ್ದೆ.

ಹಾಗಂತ ಯಾರೂ ಕೇಳದ್ದನ್ನೆಲ್ಲ ಅಳಿಸಿಬಿಡೋದಾ? ಡ್ರುಪಲ್ 8ರ ಮೊದಮೊದಲ ಆವೃತ್ತಿಗಳು ಅದನ್ನೇ ಮಾಡುತ್ತಿದ್ದವು. ಒಂದು ಫೈಲನ್ನು ಯಾರೂ ಬಳಸುತ್ತಿಲ್ಲ ಅಂತ ಲೆಕ್ಕ ಸೊನ್ನೆಗೆ ಬಂದರೆ ಅದನ್ನು 'ತಾತ್ಕಾಲಿಕ' ಅಂತ ಗುರುತು ಮಾಡಿ, ಆರು ಗಂಟೆ ಕಳೆದ ಮೇಲೆ ಗುಡಿಸಿ ಹಾಕೋದು. ಲೆಕ್ಕವೇ ತಪ್ಪಿ ಬೇಕಾದ ಫೈಲುಗಳೂ ಹೋಗತೊಡಗಿದವು, 2017ರ 8.4ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಹಂಪಿಯ ಕಥೆ ನೋಡಿ. 1856ರಲ್ಲಿ ಗ್ರೀನ್‌ಲಾ ಅನ್ನುವ ಕಂಪನಿ ಸೇನೆಯ ಅಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ನೂರಕ್ಕೂ ಹೆಚ್ಚು ವರ್ಷ ಅವನ್ನು ಯಾರೂ ಕೇಳಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿ ಸಿಕ್ಕವು. 1983ರಲ್ಲಿ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಏನು ಬಿದ್ದಿದೆ, ಏನು ಉಳಿದಿದೆ ಅಂತ ಪಕ್ಕಪಕ್ಕ ಇಟ್ಟು ನೋಡೋಕೆ ಆಗಿದ್ದು ಆ ಅನಾಥ ನೆಗೆಟಿವ್‌ಗಳಿಂದ. ಆರು ಗಂಟೆಯ ಲೆಕ್ಕ ಅಲ್ಲಿ ಇದ್ದಿದ್ರೆ?

ಆದರೆ ಕಲ್ಲಿನ ಕಂಬಕ್ಕೆ ಮರ್ಯಾದೆಯ ಪ್ರಶ್ನೆ ಇಲ್ಲ. ಅವ್ವನಿಗಿದೆ.

ಇಲ್ಲಿ ನನ್ನನ್ನು ಕಾಡುವ ಇನ್ನೊಂದು ಮಾತು. ಇಸ್ಕೊಂಡವರೆಲ್ಲ ತಮ್ಮ ಫೋಟೋ ತೆಗೆಸಿದರೆ ಆ ನೆರೆಯ ದಾಖಲೆಯಲ್ಲಿ ಉಳಿಯೋದು ಕೊಟ್ಟವರ ಮುಖ ಮಾತ್ರ. ನೆರೆ ಅಂದ್ರೆ ನಾವು ಹುಡುಗರು ಲಾರಿ ತಗೊಂಡು ಹೋದ ಕಥೆ ಅಂತಾಗುತ್ತೆ. ಅದೂ ಸುಳ್ಳೇ. ಅದಕ್ಕೆ ನಾನು ಕೊನೆಗೆ ಮಾಡಿದ್ದು: ಹಂಚುವ ಫೋಟೋಗಳನ್ನು ಅಷ್ಟಕ್ಕಷ್ಟೂ ತೆಗೆದುಹಾಕಿ, ನೀರು ನಿಂತ ಗದ್ದೆ, ಕುಸಿದ ಗೋಡೆ, ಒಣಗೋಕೆ ಹಾಕಿದ ಭತ್ತದ ಫೋಟೋಗಳನ್ನು ಇಟ್ಟೆ. ಬಳಗದಲ್ಲಿ ಇಬ್ಬರಿಗೆ ಸಿಟ್ಟು ಬಂತು. "ನಾವು ಮಾಡಿದ್ದು ಕಾಣೋದೇ ಬೇಡ್ವಾ?" ಅಂದರು. ಬೇಡ ಅಂದೆ.

ಇಷ್ಟಾದರೂ ಮೂಲ ಫೈಲು ನನ್ನ ಹಾರ್ಡ್‌ಡಿಸ್ಕಿನಲ್ಲಿದೆ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟಿಗೆ ಒಬ್ಬ ತಂದೆ ಹೋಗಿದ್ದರು, ಹಳೇ ಆದೇಶವೊಂದರಲ್ಲಿ ಮಗಳ ಹೆಸರು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗಬಾರದು ಅಂತ. ಕೋರ್ಟು ಒಪ್ಪಿತು, ಆದರೆ ದೃಢೀಕೃತ ಪ್ರತಿ ಕೇಳಿದರೆ ಅದರಲ್ಲಿ ಹೆಸರು ಇರುತ್ತೆ ಅಂತಲೂ ಹೇಳಿತು. ಪೆಟ್ಟಿಗೆಯಲ್ಲಿರಲಿ, ಬೀದಿಯಲ್ಲಿ ಬೇಡ. ನನಗೆ ಈ ದಾರಿ ಹಿಡಿಸಿತು. ಆದರೆ ನನ್ನ ಪೆಟ್ಟಿಗೆಗೆ ಕೋರ್ಟಿನ ಬೀಗ ಇಲ್ಲ ಅನ್ನೋದೂ ಗೊತ್ತು. ಹೋದ ಯುಗಾದಿಗೆ ಊರಿಗೆ ಹೋದಾಗ ಅವ್ವನನ್ನೇ ಕೇಳಿದೆ: ಪೂರ್ತಿ ಅಳಿಸಿಬಿಡಲಾ ಅಂತ. ಅವರು ಒಬ್ಬಟ್ಟು ಬಡಿಸುತ್ತಾ, "ನಿನ್ನತ್ರ ಇದ್ರೆ ಇರ್ಲಿ ಬಿಡಪ್ಪ. ಮಂದಿ ಮುಂದೆ ಇಡಬ್ಯಾಡ ಅಷ್ಟೇ" ಅಂದರು.

ಇಡಬಾರದು ಅಂದರೆ ಮುಂದಿನ ಸಲ ಬ್ಯಾಕಪ್‌ನಿಂದ ಏರಿಸುವವನಿಗೂ ಗೊತ್ತಿರಬೇಕು. ಅದಕ್ಕೆ ಸರ್ವರಿನಲ್ಲಿ 'ತರಬಾರದವು' ಅಂತ ಒಂದು ಪಟ್ಟಿ ಮಾಡಿದ್ದೀನಿ. ಮರೆಸಬೇಕಾದ್ದನ್ನು ಬರೆದಿಟ್ಟರೆ ಮಾತ್ರ ಆ ಪಟ್ಟಿ ಕೆಲಸ ಮಾಡುತ್ತೆ, ಏನು ಮಾಡೋದು. ಮೊದಲ ಸಾಲಿನಲ್ಲಿ 'ನೆರೆ-ಸೀರೆ-ವಿತರಣೆ-17' ಇದೆ. 'ಸೀ'ಯನ್ನು ಕೂಡಿಸಿ ಒಂದು ಸಲ, ಬಿಡಿಸಿ ಇನ್ನೊಂದು ಸಲ, ಎರಡು ರೂಪದಲ್ಲೂ ಬರೆದಿದ್ದೀನಿ.