ನಡೆಯು ಉಪಾಯವೋ, ಭಕ್ತಿಯೋ?

ಜಾಲಹಳ್ಳಿಯ ನೆರೆಯ ಶೆಟ್ಟಿಹಳ್ಳಿಯಂತಹ ಗ್ರಾಮಗಳು ಬೆಂಗಳೂರು ಮಹಾನಗರದಲ್ಲಿ ಬೆರೆತುಹೋದ ಮೇಲೆ ಅಲ್ಲಿಯ ಲಿಂಗವಂತ ಗೃಹಸ್ಥನಿಗೆ ಅನ್ಯಮತೀಯರು ನೆರೆಹೊರೆಯವರಾಗಿದ್ದಾರೆ. ಅವರ ನಿಷ್ಠೆಯನ್ನು ಯಾವ ಕೋಲಿನಿಂದ ಅಳೆಯಬೇಕು, ಅದೇ ಕೋಲಿನಿಂದ ತನ್ನನ್ನೂ ಅಳೆದುಕೊಳ್ಳಲು ತಾನು ಸಿದ್ಧನೇ ಎಂಬ ಪ್ರಶ್ನೆಯು ಅವನಿಗೆ ಸಹಜವಾಗಿಯೇ ಒದಗುವುದು. ಮೈಸೂರು ಸೀಮೆಯಲ್ಲಿಯೇ ಬಾಳಿದ ಒಬ್ಬ ಕಥೋಲಿಕ ಪಾದ್ರಿಗಳ ಆತ್ಮವಿಮರ್ಶೆಯು ಈ ವಿಷಯದಲ್ಲಿ ವಿಚಾರಯೋಗ್ಯವಾಗಿದೆ.

ಫ್ರೆಂಚ್ ದೇಶದ ಅಬ್ಬೆ ದುಬುವಾ ಎಂಬವರು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಲ್ಲಿಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸುವ ಕಾರ್ಯವು ಅವರ ಪಾಲಿಗೆ ಬಂದಿತು. ಅವರು ಈ ದೇಶದ ಉಡುಪನ್ನು ಉಟ್ಟರು. ಇಲ್ಲಿಯ ಜನರ ನಡವಳಿಕೆಯನ್ನೂ ಅನೇಕ ಕಟ್ಟುಪಾಡುಗಳನ್ನೂ ತಮ್ಮವಾಗಿ ಮಾಡಿಕೊಂಡರು. ಹಿಂದೂಗಳ ಆಚಾರಗಳನ್ನು ಕುರಿತ ಅವರ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗವು ಕೆರ್ದು ಎಂಬ ಹಿಂದಿನ ಪಾದ್ರಿಯ ಬರಹದಿಂದ ಬಂದುದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಜಂಗಮರ ವಿಷಯದಲ್ಲಿ ಅದರಲ್ಲಿರುವ ಮಾತುಗಳು ಕಟುವಾದವು. ಅವುಗಳ ಖಂಡನೆಗೆ ಇದು ಸ್ಥಳವಲ್ಲ.

ಇಲ್ಲಿ ಮುಖ್ಯವಾದುದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು. ಅವುಗಳಲ್ಲಿ ಅವರು ತಮ್ಮ ಜೀವಮಾನದ ಲೆಕ್ಕವನ್ನು ತಾವೇ ಒಪ್ಪಿಸುತ್ತಾರೆ. ಜನರಂತೆ ಉಟ್ಟು, ಜನರಂತೆ ಬಾಳಿ, ಬಹುಮಟ್ಟಿಗೆ ಹಿಂದುವೇ ಆಗಿದ್ದರೂ ಮತಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿಗಿಂತ ಹೆಚ್ಚಿಲ್ಲ; ಬಂದವರಲ್ಲಿಯೂ ಹಲವರು ಲೌಕಿಕ ಕಾರಣಗಳಿಂದ ಬಂದವರು. ಹೀಗೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ತಮ್ಮ ಸೋಲನ್ನು ಸ್ವಧರ್ಮೀಯರ ಮುಂದೆ ಅಚ್ಚುಹಾಕಿಸುವ ಈ ಧೈರ್ಯವು ಯಾವ ಮತದಲ್ಲಿಯೂ ಸುಲಭವಲ್ಲ. ಅದೇ ಪುಸ್ತಕದಲ್ಲಿ ಹಿಂದೂ ಸ್ತ್ರೀಪುರುಷರ ಮೇಲೆ ಇನ್ನೊಬ್ಬ ಪಾದ್ರಿಯು ಹೊರಿಸಿದ್ದ ನಿಂದೆಗೆ ಪ್ರತ್ಯುತ್ತರವನ್ನೂ ಅವರು ಕೊಟ್ಟಿದ್ದಾರೆ.

ಆದರೆ ಶರಣದೃಷ್ಟಿಗೆ ಈ ಲೆಕ್ಕದಲ್ಲಿ ಎರಡು ಕೊರತೆಗಳು ಕಾಣುವುವು. ಮತಕ್ಕೆ ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಪರಯರು ಮತ್ತು ಭಿಕ್ಷುಕರು ಎಂಬುದನ್ನು ದುಬುವಾ ಅವರು ಸೋಲಿನ ಸಾಕ್ಷಿಯಾಗಿ ಎಣಿಸಿದರು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹಿರಿಯರೆಂದು ನೆನೆಯುವ ಪರಂಪರೆಗೆ ಇದು ಒಪ್ಪತಕ್ಕುದಲ್ಲ. ಭಿಕ್ಷುಕನಾದ ಮಾತ್ರಕ್ಕೆ ಅವನ ವಿಶ್ವಾಸವು ಹಗುರವಾಗುವುದೇ?

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಜನರಂತೆ ಬಾಳಿದ ಆ ನಡೆಯು ಅವರಿಗೆ ಒಂದು ಉಪಾಯವಾಗಿತ್ತು. ಶಿಷ್ಯಸಂಖ್ಯೆಯು ಅದರ ಫಲವೆಂದು ನಿಶ್ಚಯಿಸಿಕೊಂಡದ್ದರಿಂದ, ಫಲವು ಬಾರದಿರಲು ನಡೆಯೇ ವ್ಯರ್ಥವಾದಂತೆ ತೋರಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿಬರುವಂತೆ ಕಳುಹಿದ ಪ್ರಸಂಗವು ವಾಚಕರಿಗೆ ಪರಿಚಿತವೇ. ಅಲ್ಲಿ ಅಕ್ಕಿಯಾಗಲಿ ದಾಸೋಹವಾಗಲಿ ದೋಷವಲ್ಲ. ಕಾಯಕಕ್ಕೆ ಹೊರಗಿನಿಂದ ಬಂದು ಅಂಟಿಕೊಂಡ ಆಸೆಯನ್ನು ಆ ತಾಯಿ ಗುರುತಿಸಿದಳು. ವ್ಯಾಪಾರವು ಕೈಗೂಡಲೆಂದು ಲಿಂಗಪೂಜೆ ಮಾಡಿ, ಅಂಗಡಿಯಲ್ಲಿ ನಷ್ಟವಾದ ವಾರ ಪೂಜೆಯನ್ನು ಮೊಟಕುಗೊಳಿಸುವ ಗೃಹಸ್ಥನೂ, ದೀಕ್ಷೆ ಪಡೆದವರ ಪಟ್ಟಿಯ ಉದ್ದದಿಂದ ತನ್ನ ವೈಭವವನ್ನು ಅಳೆಯುವ ಮಠವೂ ದುಬುವಾ ಅವರಿಗಿಂತ ಭಿನ್ನವಲ್ಲ. ಅವರಿಗಿದ್ದ ನಿಷ್ಕಪಟತೆಯೂ ಇಂಥವರಲ್ಲಿ ದುರ್ಲಭ.

ಅವರ ಜೀವನದಲ್ಲಿಯೇ ಬೇರೊಂದು ಲೆಕ್ಕವೂ ಇತ್ತು. ಸಿಡುಬಿಗೆ ದಾಕು ಹಾಕುವ ಪದ್ಧತಿಯು ಆಗತಾನೆ ಈ ದೇಶಕ್ಕೆ ಬಂದಿತ್ತು. ರೋಗವನ್ನು ಅಮ್ಮನ ಬರವೆಂದು ಭಾವಿಸುತ್ತಿದ್ದ ಜನರ ನಡುವೆ 1803-04ರ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದಾಕು ಹಾಕಲಾಯಿತೆಂದು ದಾಖಲೆಯಿದೆ. ಇವರೆಲ್ಲರೂ ಮತಾಂತರದ ಲೆಕ್ಕಕ್ಕೆ ಹೊರಗಿನವರು. ಸೂಜಿಯ ಗಾಯವನ್ನು ಸಹಿಸಿ ಮನೆಗೆ ಹಿಂದಿರುಗಿದ ಮಗುವಿನ ತಾಯಿಯು ಯಾವ ದೇವರನ್ನು ನೆನೆದಳೆಂದು ಯಾರೂ ಬರೆದಿಡಲಿಲ್ಲ.

1823ರ ಜನವರಿಯಲ್ಲಿ ದುಬುವಾ ಅವರು ಈ ದೇಶವನ್ನು ಬಿಟ್ಟು ಹೋದರು. ಪ್ಯಾರಿಸ್ಸಿನಲ್ಲಿ, ದೂರದೇಶಗಳಿಗೆ ಹೊರಡುವ ತರುಣ ಪಾದ್ರಿಗಳನ್ನು ಸಿದ್ಧಗೊಳಿಸುವ ವಿದ್ಯಾಲಯದಲ್ಲಿ ಅವರ ಉಳಿದ ಆಯುಷ್ಯವು ಕಳೆಯಿತು. 1848ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.